ಕೊರಳಿನ ಎರಡು ಬೆರಳಗಲ ಜಾಗ



ಕಳೆದ ವಾರ ನಮ್ಮ ಶಾಲೆಗೆ ನರ್ಸಮ್ಮ ಬಂದಿದ್ದರು. ಐದನೇ ಕ್ಲಾಸಿನ ಮಕ್ಕಳಿಗೆ ಟಿ.ಡಿ. ಇಂಜೆಕ್ಷನ್ ಹಾಕುವ ದಿನ. ಅದಕ್ಕೆ ಎರಡು ದಿನ ಮೊದಲೇ ಪೋಷಕರ ಒಪ್ಪಿಗೆ ಚೀಟಿ ಕಳಿಸಿದ್ದೆವು. ಚೀಟಿ ತಮಿಳಿನಲ್ಲಿತ್ತು, ನಮ್ಮ ಕಡೆ ಎಲ್ಲ ಚೀಟಿಗಳೂ ಹಾಗೇ ತಾನೆ. ಅದರಲ್ಲಿ ಎರಡು ರೋಗಗಳ ಹೆಸರಿತ್ತು. ರಣ ಜನ್ನಿ, ತೊಂಡೈ ಅಡೈಪ್ಪಾನ್. ಒಬ್ಬ ತಾಯಿ ಚೀಟಿ ಹಿಡಿದುಕೊಂಡು ನೇರ ಸ್ಟಾಫ್ ರೂಮಿಗೇ ಬಂದರು.

"ಏನ್ ಸಾರ್ ಇದು? ಜನ್ನಿ ಅಂದ್ರೆ ಗೊತ್ತಾಯ್ತು, ಧನುರ್ವಾಯು. ಇದೇನು ಅಡೈಪ್ಪಾನು?"

"ಗಂಟಲಮಾರಿ ಕಣಮ್ಮಾ" ಅಂದೆ.

"ಅದು ಈಗ ಎಲ್ಲಿದೆ ಸಾರ್? ನಮ್ಮತ್ತೆ ಕಾಲದ್ದು" ಅಂತ ನಕ್ಕು, ಚೀಟಿಗೆ ಸಹಿ ಹಾಕದೆಯೇ ಹೊರಟುಹೋದರು. ಇಂಜೆಕ್ಷನ್ ದಿನ ಐದನೇ ಕ್ಲಾಸಿನಲ್ಲಿ ಏಳು ಮಕ್ಕಳು ಗೈರುಹಾಜರಿ.

ಆ ತಾಯಿಯ ಪ್ರಶ್ನೆ ತಪ್ಪಲ್ಲ. ಅದಕ್ಕೆ ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು, ಮತ್ತು ನಮ್ಮ ಕೊರಳನ್ನೇ ಒಮ್ಮೆ ಮುಟ್ಟಿ ನೋಡಿಕೊಳ್ಳಬೇಕು. ಓದುವುದನ್ನು ನಿಲ್ಲಿಸಿ ಕೈ ಎತ್ತಿ ನೋಡೋಣ. ಮೆತ್ತಗೆ ಮುಟ್ಟಿ, ಒತ್ತಬೇಡಿ. ಗಲ್ಲದ ಕೆಳಗೆ ಕೊರಳಿನ ನಟ್ಟನಡುವೆ ಒಂದು ಗಟ್ಟಿ ಉಬ್ಬು ಸಿಗುತ್ತದೆ, ಗಂಡಸರಲ್ಲಿ ಎದ್ದು ಕಾಣುತ್ತದೆ. ಎಂಜಲು ನುಂಗಿ ನೋಡಿ, ಅದು ಮೇಲಕ್ಕೆ ಹೋಗಿ ಕೆಳಗೆ ಬರುತ್ತದೆ. ಅದು ಥೈರಾಯ್ಡ್ ಮೃದ್ವಸ್ಥಿ. ಗುರಾಣಿಯ ಆಕಾರ ಅದರದು, ಹೆಸರಿನ ಅರ್ಥವೂ ಅದೇ. ಅದರ ಹಿಂದೆ ಧ್ವನಿಪೆಟ್ಟಿಗೆ ಇದೆ. ಬೆರಳನ್ನು ಸ್ವಲ್ಪ ಕೆಳಗೆ ಜಾರಿಸಿದರೆ ಒಂದು ಸಣ್ಣ ತಗ್ಗು, ಅದರ ಕೆಳಗೆ ಇನ್ನೊಂದು ಗಟ್ಟಿ ದಿಂಡು. ಆ ದಿಂಡೇ ಕ್ರಿಕಾಯ್ಡ್, ಮುದ್ರೆಯುಂಗುರದ ಹಾಗೆ ಪೂರ್ತಿ ಸುತ್ತು ಬಂದಿರುವ ಮೃದ್ವಸ್ಥಿ. ಅಲ್ಲಿಂದ ಕೆಳಗೆ ಶ್ವಾಸನಾಳ. ಅದರ ಗೋಡೆಯಲ್ಲಿ ಹದಿನಾರರಿಂದ ಇಪ್ಪತ್ತು ಉಂಗುರಗಳಿವೆ. ಅವು ಪೂರ್ತಿ ಸುತ್ತು ಬರುವುದಿಲ್ಲ, ಅನ್ನನಾಳದ ಕಡೆಗೆ ಬಾಯಿ ತೆರೆದ ಬಳೆಗಳು. ದೊಡ್ಡ ತುತ್ತು ನುಂಗಿದಾಗ ಅನ್ನನಾಳ ಉಬ್ಬಲು ಹಿಂದೆ ಜಾಗ ಬೇಕಲ್ಲ, ಅದಕ್ಕೆ. ಎರಡನೇ ಉಂಗುರದಿಂದ ನಾಲ್ಕನೇ ಉಂಗುರದವರೆಗೆ ಥೈರಾಯ್ಡ್ ಗ್ರಂಥಿಯ ನಡುಭಾಗ ಅಡ್ಡ ಕೂತಿದೆ. ಎರಡೂ ಪಕ್ಕದಲ್ಲಿ ಮಿಡಿಯುವವು ಮಿದುಳಿಗೆ ರಕ್ತ ಒಯ್ಯುವ ದೊಡ್ಡ ಧಮನಿಗಳು. ಉಸಿರು, ಅನ್ನ, ಮಾತು, ರಕ್ತ ಎಲ್ಲ ಇಷ್ಟೇ ಜಾಗದಲ್ಲಿ ಒಂದನ್ನೊಂದು ಒರಸಿಕೊಂಡು ಹೋಗುತ್ತವೆ. ಹಬ್ಬದ ದಿನ ಬಸ್ ಸ್ಟ್ಯಾಂಡ್ ಇರುತ್ತದಲ್ಲ, ಹಾಗೆ!

ಇಲ್ಲಿ ಭಾಷೆಯ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ತಮಿಳಿನ ಕುರಲ್, ನಮ್ಮ ಹಳಗನ್ನಡದ ಕೊರಲ್ ಒಂದೇ ಬೇರಿನವು. ತಮಿಳರಲ್ಲಿ ಆ ಪದ ದನಿಯ ಕಡೆಗೆ ವಾಲಿತು, ನಮ್ಮಲ್ಲಿ ಕತ್ತಿನ ಕಡೆಗೆ. ತಮಿಳಿನಲ್ಲಿ ಧ್ವನಿಪೆಟ್ಟಿಗೆಗೆ ಕುರಲ್ವಳೈ ಅನ್ನುತ್ತಾರೆ. ವಳೈ ಅಂದರೆ ಬಳೆ. ಕೊರಳ ಬಳೆ! ನಮ್ಮ ವಿಜ್ಞಾನ ಪುಸ್ತಕದಲ್ಲಿ ಇಷ್ಟು ಚಂದದ ಪದ ಇಲ್ಲ ಅಂತ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ಗಡಿಯಲ್ಲಿ ಪಾಠ ಹೇಳುವವನಿಗೆ ಇದೊಂದು ಲಾಭ, ಒಂದು ಭಾಷೆಯಲ್ಲಿ ಮಕ್ಕಳಿಗೆ ತಿಳಿಯದಿದ್ದರೆ ಇನ್ನೊಂದರಲ್ಲಿ ತೋರಿಸಬಹುದು.

ಈಗ ನಮ್ಮಜ್ಜಿಯ ಮಾತು.

ಅಜ್ಜಿಯ ತವರು ಕಂಬೈನಲ್ಲೂರು. ಮನೆಮಾತು ಕನ್ನಡ, ಬೀದಿಮಾತು ತಮಿಳು. ಆಗ ಧರ್ಮಪುರಿ ಜಿಲ್ಲೆ ಅಂತ ಇರಲಿಲ್ಲ, ಅದು ಆದದ್ದು 1965ರಲ್ಲಿ. ಅಲ್ಲಿಯವರೆಗೆ ಎಲ್ಲ ಸೇಲಂ ಜಿಲ್ಲೆಯೇ. ಅಜ್ಜಿಗೆ ಇಸವಿ ಗೊತ್ತಿರಲಿಲ್ಲ. "ಮೊರಪ್ಪೂರಿಂದ ಧರ್ಮಪುರಿಗೆ ಚಿಕ್ಕ ರೈಲು ಇನ್ನೂ ಓಡ್ತಿತ್ತು ಮಗಾ, ಆವಾಗ" ಅನ್ನುತ್ತಿದ್ದರು. ಆ ಚಿಕ್ಕ ಗೇಜಿನ ರೈಲು 1906ರಲ್ಲಿ ಶುರುವಾಗಿ 1941ರಲ್ಲಿ ನಿಂತಿತು. ಅಜ್ಜಿಯ ವಯಸ್ಸಿನ ಲೆಕ್ಕ ಹಿಡಿದರೆ ಅದು 1938ರ ಆಸುಪಾಸು. ಅವರಿಗೆ ಏಳೆಂಟು ವರ್ಷ, ತಮ್ಮನಿಗೆ ನಾಲ್ಕು.

ತಮ್ಮನಿಗೆ ಮೊದಲು ಸಣ್ಣ ಜ್ವರ. ಗಂಟಲು ನೋವು ಅಂದನಂತೆ, ಗಂಜಿ ಬೇಡ ಅಂದನಂತೆ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮೂರನೇ ದಿನಕ್ಕೆ ಕತ್ತು ಎರಡೂ ಕಡೆ ಊದಿ ಗಲ್ಲಕ್ಕೂ ಎದೆಗೂ ಅಂತರವೇ ಇಲ್ಲದ ಹಾಗಾಯಿತು. ದನಿ ಹೋಯಿತು. ಉಸಿರು ಎಳೆದರೆ ಕೊರಳಿನ ಕೆಳಗಿನ ಗುಳಿ ಒಳಕ್ಕೆ ಹೋಗುತ್ತಿತ್ತು, ಗರಗಸ ಎಳೆದಂಥ ಸದ್ದು. ಮಾರಮ್ಮನಿಗೆ ಹರಕೆ ಕಟ್ಟಿದರು. ಬೇವಿನ ಸೊಪ್ಪು ಹಾಸಿದರು. ನಾಲ್ಕನೇ ದಿನ ಬೆಳಗಿನ ಜಾವ ಆ ಸದ್ದು ನಿಂತಿತು. ಅಜ್ಜಿ ಇದನ್ನು ಹೇಳುವಾಗ ಎಂದೂ ಅಳಲಿಲ್ಲ. ಆದರೆ ನಮ್ಮಲ್ಲಿ ಯಾರಾದರೂ ಚಿಕ್ಕವರು ರಾತ್ರಿ ಕೆಮ್ಮಿದರೆ ಎದ್ದು ಬಂದು ಕೊರಳಿನ ಗುಳಿಯ ಮೇಲೆ ಎರಡು ಬೆರಳಿಟ್ಟು ನೋಡುತ್ತಿದ್ದರು. ಅದು ಒಳಕ್ಕೆ ಹೋಗುತ್ತಿದೆಯೋ ಇಲ್ಲವೋ ಅಂತ.

ಇದು ಗಂಟಲಮಾರಿ, ಡಿಫ್ತೀರಿಯಾ. ಗ್ರೀಕಿನಲ್ಲಿ ಡಿಫ್ತೆರಾ ಅಂದರೆ ತೊಗಲು. ಗಂಟಲಿನ ಒಳಗೋಡೆಯ ಮೇಲೆ ಬೂದು ಬಣ್ಣದ ದಪ್ಪ ಪೊರೆ ತೊಗಲಿನ ಹಾಗೆ ಕೂರುತ್ತದೆ, ಕೀಳಲು ಹೋದರೆ ರಕ್ತ ಬರುತ್ತದೆ. ಪೊರೆ ಧ್ವನಿಪೆಟ್ಟಿಗೆಗೆ ಇಳಿದರೆ ಉಸಿರಿನ ದಾರಿ ಮುಚ್ಚಿತು. ಊದಿದ ಕತ್ತನ್ನು ಡಾಕ್ಟರುಗಳು ಗೂಳಿಯ ಕತ್ತಿಗೆ ಹೋಲಿಸುತ್ತಾರೆ.

ಚಿಕ್ಕ ಮಕ್ಕಳೇ ಯಾಕೆ ಹೆಚ್ಚು ಸಾಯುತ್ತಿದ್ದರು? ಎಂಟನೇ ಕ್ಲಾಸಿನ ಮಕ್ಕಳಿಗೆ ಇದನ್ನು ಗಣಿತದ ಪೀರಿಯಡ್ಡಿನಲ್ಲಿ ಕೊಡಬಹುದು. ಕೂಸಿನ ಉಸಿರಿನ ದಾರಿಯ ಅಡ್ಡಳತೆ ಸುಮಾರು 4 ಮಿಲಿಮೀಟರ್ ಇಟ್ಟುಕೊಳ್ಳಿ. ಒಳಗೋಡೆ ಸುತ್ತಲೂ ಒಂದೇ ಒಂದು ಮಿಲಿಮೀಟರ್ ಊದಿತು. ಉಳಿದದ್ದು 2 ಮಿಲಿಮೀಟರ್. ಅಡ್ಡಳತೆ ಅರ್ಧವಾದರೆ ವಿಸ್ತೀರ್ಣ ಕಾಲು ಭಾಗ. ಮುಕ್ಕಾಲು ದಾರಿ ಹೋಯಿತು! ದೊಡ್ಡವರ ಶ್ವಾಸನಾಳ 15ರಿಂದ 20 ಮಿಲಿಮೀಟರ್. ಅಲ್ಲಿ ಒಂದು ಮಿಲಿಮೀಟರ್ ಊದಿದರೆ ಗಂಟಲು ಕೆರೆತ, ಅಷ್ಟೇ. ಅದರ ಮೇಲೆ ಆ ಕ್ರಿಕಾಯ್ಡ್ ಉಂಗುರ ಪೂರ್ತಿ ವೃತ್ತ ಅಂದೆನಲ್ಲ, ಒಳಗಿನ ಊತ ಹೊರಕ್ಕೆ ಹಿಗ್ಗಲು ಜಾಗವೇ ಇಲ್ಲ. ಊದುವುದೆಲ್ಲ ಒಳಕ್ಕೇ.

ಹಿಂದಿನವರಿಗೆ ಇದು ತಿಳಿದಿರಲಿಲ್ಲ ಅಂತ ಅಲ್ಲ. ಸುಶ್ರುತ ಸಂಹಿತೆಯಲ್ಲಿ ರೋಹಿಣಿ ಅಂತ ಒಂದು ಗಂಟಲ ರೋಗ ಬರುತ್ತದೆ. ಮಾಂಸದ ಮೊಳಕೆಗಳು ಬೆಳೆದು ಗಂಟಲನ್ನು ಮುಚ್ಚಿ ಪ್ರಾಣ ತೆಗೆಯುವ ರೋಗ, ಐದು ಬಗೆ ಅಂತ ಹೇಳಿದ್ದಾರೆ. ಇದರಲ್ಲಿ ಗಂಟಲಮಾರಿಯೂ ಸೇರಿತ್ತು ಅಂತ ಹಲವರ ಅಭಿಪ್ರಾಯ. ಅದೇ ಗ್ರಂಥ ದೇಹದಲ್ಲಿ 107 ಮರ್ಮಗಳನ್ನು ಎಣಿಸುತ್ತದೆ, ಅದರಲ್ಲಿ 37 ಕತ್ತು ಮತ್ತು ಅದರ ಮೇಲೆ. ಕಂಠನಾಳದ ಎರಡೂ ಬದಿಗೆ ನೀಲಾ ಮತ್ತು ಮನ್ಯಾ ಎಂಬ ನಾಲ್ಕು ಮರ್ಮ. ಅಲ್ಲಿ ಪೆಟ್ಟಾದರೆ ಮೂಕತನ, ದನಿ ಕೆಡುವುದು, ರುಚಿ ತಿಳಿಯದಿರುವುದು. ಕತ್ತಿನ ಎರಡೂ ಕಡೆ ನಾಲ್ಕು ನಾಲ್ಕರಂತೆ ಸಿರಾಮಾತೃಕೆಗಳು. ಅಲ್ಲಿ ಪೆಟ್ಟಾದರೆ ಕೂಡಲೇ ಸಾವು. ಇದನ್ನು ಬರೆದವರು ಗಾಯಗೊಂಡ ಕತ್ತುಗಳನ್ನು ಕಣ್ಣಾರೆ ನೋಡಿದ್ದರು ಅನ್ನುವುದರಲ್ಲಿ ನನಗೆ ಸಂದೇಹ ಇಲ್ಲ. ಎರಡನೇ ಶತಮಾನದಲ್ಲಿ ರೋಮಿನ ಗ್ಯಾಲನ್ ಹಂದಿಯ ಕತ್ತಿನ ಒಂದು ಸಣ್ಣ ನರ ಕತ್ತರಿಸಿದಾಗ ಅದರ ಕಿರುಚಾಟ ಫಕ್ಕನೆ ನಿಂತಿತು. ದನಿ ಹೃದಯದಿಂದ ಬರುತ್ತದೆ ಎಂಬ ನಂಬಿಕೆಗೆ ಅಲ್ಲಿ ಪೆಟ್ಟು ಬಿತ್ತು.

ಆದರೆ ರೋಗ ಎಲ್ಲಿ ಕೊಲ್ಲುತ್ತದೆ ಅಂತ ತಿಳಿದರೆ ಸಾಕೆ? ಕೈಯಲ್ಲಿದ್ದದ್ದು ಚಾಕು ಒಂದೇ. ಮುಚ್ಚಿದ ಜಾಗದ ಕೆಳಗೆ, ಶ್ವಾಸನಾಳದ ಉಂಗುರಗಳ ನಡುವೆ ತೂತು ಕೊರೆದು ಉಸಿರು ಬಿಡಿಸುವುದು. ಹೇಳಿದಷ್ಟು ಸುಲಭ ಅಲ್ಲ, ಅಕ್ಕಪಕ್ಕ ಏನೇನಿದೆ ಅಂತ ಆಗಲೇ ನೋಡಿದೆವಲ್ಲ. ಇಟಲಿಯ ಬ್ರಾಸಾವೊಲಾ 1546ರಲ್ಲಿ ಹೀಗೆ ಮಾಡಿ ಒಬ್ಬ ರೋಗಿಯನ್ನು ಉಳಿಸಿದ್ದು ದಾಖಲೆಯಲ್ಲಿದೆ. 1620ರಲ್ಲಿ ಪ್ಯಾರಿಸಿನ ನಿಕೊಲಾ ಹಬಿಕೊ ಬರೆದ ಒಂದು ಪ್ರಸಂಗ ಮಕ್ಕಳಿಗೆ ಬಹಳ ಇಷ್ಟ. ಹದಿನಾಲ್ಕು ವರ್ಷದ ಹುಡುಗ, ಕಳ್ಳರಿಗೆ ಸಿಗಬಾರದು ಅಂತ ಚಿನ್ನದ ನಾಣ್ಯಗಳನ್ನು ಬಟ್ಟೆಯಲ್ಲಿ ಸುತ್ತಿ ನುಂಗಲು ಹೋದ. ಗಂಟು ಅನ್ನನಾಳದಲ್ಲಿ ಸಿಕ್ಕಿಕೊಂಡು ಮುಂದಿನ ಶ್ವಾಸನಾಳವನ್ನು ಅದುಮಿತು. ಬಳೆಗಳು ಹಿಂದೆ ಬಾಯಿ ತೆರೆದಿವೆಯಲ್ಲ, ಅದೇ ಇಲ್ಲಿ ಮುಳುವಾಯಿತು. ಹಬಿಕೊ ಕೊರಳಲ್ಲಿ ತೂತು ಮಾಡಿ ಉಸಿರು ಕೊಟ್ಟು, ಆಮೇಲೆ ಗಂಟನ್ನು ಕೆಳಕ್ಕೆ ತಳ್ಳಿದ. ಹುಡುಗ ಬದುಕಿದ. ಚಿನ್ನ ಕೂಡ ಕೊನೆಗೆ ಬರಬೇಕಾದ ದಾರಿಯಲ್ಲಿ ಬಂತು!

ಗಂಟಲಮಾರಿಯ ಮಕ್ಕಳ ಕಥೆ ಇಷ್ಟು ಸುಖಾಂತ ಅಲ್ಲ. 1807ರಲ್ಲಿ ನೆಪೋಲಿಯನ್ನನ ತಮ್ಮನ ಮಗು ಗಂಟಲು ಕಟ್ಟಿ ಸತ್ತಿತು. ಚಕ್ರವರ್ತಿ 12,000 ಫ್ರಾಂಕ್ ಬಹುಮಾನ ಇಟ್ಟ. ಫ್ರಾನ್ಸಿನ ತೂರ್ ಊರಿನ ಬ್ರೆತೊನೊ 1825ರಲ್ಲಿ ತನ್ನ ಸ್ನೇಹಿತನ ನಾಲ್ಕು ವರ್ಷದ ಮಗಳ ಕೊರಳಿಗೆ ಚಾಕು ಹಾಕಿ ಉಳಿಸಿದ. ಮುಂದಿನ ವರ್ಷ ರೋಗಕ್ಕೆ ಹೆಸರು ಕೊಟ್ಟವನೂ ಅವನೇ. ಅವನ ಶಿಷ್ಯ ಟ್ರೂಸೊ ಇನ್ನೂರರಷ್ಟು ಮಕ್ಕಳಿಗೆ ಹೀಗೆ ಮಾಡಿದ, ಹೆಚ್ಚಿನವರು ಉಳಿಯಲಿಲ್ಲ. 1880ರ ದಶಕದಲ್ಲಿ ನ್ಯೂಯಾರ್ಕಿನ ಅನಾಥಾಲಯದ ಆಸ್ಪತ್ರೆಯಲ್ಲಿ ಜೋಸೆಫ್ ಓಡ್ವೈಯರ್ ಎಂಬ ಡಾಕ್ಟರು ಕತ್ತು ಕುಯ್ಯದೆ ಬಾಯಿಯಿಂದಲೇ ಧ್ವನಿಪೆಟ್ಟಿಗೆಯೊಳಗೆ ಸಣ್ಣ ಕೊಳವೆ ಇಳಿಸುವುದನ್ನು ರೂಢಿಗೆ ತಂದ. ಈಗ ಆಪರೇಷನ್ ಸಮಯದಲ್ಲಿ ಬಾಯಿಂದ ಕೊಳವೆ ಹಾಕುತ್ತಾರಲ್ಲ, ಅದಕ್ಕೆ ಅವನೂ ಒಬ್ಬ ಹಿರಿಯ.

ಉಸಿರು ಬಿಡಿಸಿದರೂ ಎಷ್ಟೋ ಮಕ್ಕಳು ಸತ್ತರು. ಯಾಕೆ? ಕ್ಲೆಬ್ಸ್ 1883ರಲ್ಲಿ ರೋಗಾಣು ಕಂಡ, ಲೋಫ್ಲರ್ 1884ರಲ್ಲಿ ಅದನ್ನು ಬೆಳೆಸಿದ. ಲೋಫ್ಲರನಿಗೆ ಒಂದು ವಿಚಿತ್ರ ಕಾಣಿಸಿತು. ರೋಗಾಣು ಗಂಟಲು ಬಿಟ್ಟು ಹೋಗುವುದಿಲ್ಲ, ಆದರೆ ದೂರದ ಅಂಗಗಳು ಕೆಟ್ಟಿರುತ್ತವೆ. ಹಾಗಾದರೆ ಅದು ವಿಷ ಕಳಿಸುತ್ತಿರಬೇಕು. 1888ರಲ್ಲಿ ಪ್ಯಾರಿಸಿನ ರೂ ಮತ್ತು ಯೆರ್ಸಿನ್ ಆ ವಿಷವನ್ನು ಸೋಸಿ ಬೇರ್ಪಡಿಸಿ ತೋರಿಸಿದರು. ಆ ವಿಷ ಹೃದಯಕ್ಕೂ ನರಗಳಿಗೂ ಹೋಗುತ್ತದೆ. ಗಂಟಲು ವಾಸಿಯಾಯಿತು ಅಂತ ಮನೆಯವರು ಸಮಾಧಾನಪಟ್ಟ ಮೇಲೂ ಮಗು ಹಠಾತ್ತನೆ ಹೃದಯ ನಿಂತು ಸಾಯುವುದು ಇದರಿಂದ.

1890ರಲ್ಲಿ ಬೆರ್ಲಿನ್ನಿನಲ್ಲಿ ಬೇರಿಂಗ್ ಮತ್ತು ಜಪಾನಿನ ಕಿಟಸಾಟೊ ಆ ವಿಷಕ್ಕೆ ಪ್ರತಿವಿಷ ಪ್ರಾಣಿಯ ರಕ್ತದಲ್ಲೇ ಇದೆ ಅಂತ ಕಂಡುಹಿಡಿದರು. 1894ರಲ್ಲಿ ರೂ ಕುದುರೆಯ ಸೀರಮ್ ಕೊಟ್ಟಾಗ ಪ್ಯಾರಿಸಿನ ಮಕ್ಕಳ ಆಸ್ಪತ್ರೆಯಲ್ಲಿ ಅರ್ಧದಷ್ಟಿದ್ದ ಸಾವು ಕಾಲು ಭಾಗಕ್ಕೆ ಇಳಿಯಿತು. ವೈದ್ಯಕೀಯದ ಮೊಟ್ಟಮೊದಲ ನೊಬೆಲ್, 1901ರದ್ದು, ಬೇರಿಂಗಿಗೆ ಬಂದದ್ದು ಇದೇ ಕೆಲಸಕ್ಕೆ. ಎಲ್ಲವೂ ನೆಟ್ಟಗೆ ನಡೆಯಿತು ಅಂತಲೂ ಅಲ್ಲ. ಅದೇ 1901ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಜಿಮ್ ಎಂಬ ಕುದುರೆಗೆ ಧನುರ್ವಾಯು ಇದ್ದದ್ದು ಗೊತ್ತಾಗದೆ ಅದರ ಸೀರಮ್ಮಿನಿಂದ 13 ಮಕ್ಕಳು ಸತ್ತರು. ಔಷಧಿ ತಯಾರಿಕೆಯನ್ನು ಸರ್ಕಾರ ಪರೀಕ್ಷೆ ಮಾಡಬೇಕು ಅನ್ನುವ ಕಾನೂನು ಅಲ್ಲಿ ಮರುವರ್ಷವೇ ಬಂತು.

1925ರ ಜನವರಿ. ಅಲಾಸ್ಕಾದ ನೋಮ್ ಎಂಬ ಹಿಮದೂರಿನಲ್ಲಿ ಗಂಟಲಮಾರಿ. ರೈಲು ಮುಟ್ಟುವ ಜಾಗದಿಂದ ಊರಿಗೆ ಸುಮಾರು 1,085 ಕಿಲೋಮೀಟರ್. ಇಪ್ಪತ್ತು ಜನ, ನೂರೈವತ್ತರಷ್ಟು ನಾಯಿಗಳು, ಜಾರುಬಂಡಿಯಲ್ಲಿ ಒಬ್ಬರಿಂದೊಬ್ಬರಿಗೆ ದಾಟಿಸುತ್ತಾ ಐದೂವರೆ ದಿನದಲ್ಲಿ ಸೀರಮ್ ಮುಟ್ಟಿಸಿದರು. ಬಾಲ್ಟೊ ಎಂಬ ನಾಯಿಗೆ ನ್ಯೂಯಾರ್ಕಿನಲ್ಲಿ ಪ್ರತಿಮೆ ಇದೆ. ನಮ್ಮ ಮಕ್ಕಳು ಕಾರ್ಟೂನ್ ಸಿನಿಮಾದಲ್ಲಿ ನೋಡಿರುತ್ತಾರೆ.

ಈ ಕಥೆ ಹೇಳಿದಾಗಲೆಲ್ಲ ನನಗೆ ಮೊರಪ್ಪೂರು ಸ್ಟೇಷನ್ ನೆನಪಾಗುತ್ತದೆ. ಕಂಬೈನಲ್ಲೂರಿನಿಂದ ಎತ್ತಿನ ಗಾಡಿಯಲ್ಲಿ ಹೋಗಬಹುದಾದ ಸ್ಟೇಷನ್. ಅಲ್ಲಿಂದ ಮದ್ರಾಸಿಗೆ ಮುನ್ನೂರು ಕಿಲೋಮೀಟರೂ ಇಲ್ಲ, ದೊಡ್ಡ ರೈಲು ದಿನಾ ಓಡುತ್ತಿತ್ತು. ಹಿಮ ಇಲ್ಲ, ನಾಯಿ ಬೇಕಿಲ್ಲ. ಅಜ್ಜಿಯ ತಮ್ಮ ಉಸಿರು ಎಳೆಯುತ್ತಾ ಮಲಗಿದ್ದ ಹೊತ್ತಿಗೆ ಪ್ಯಾರಿಸಿನಲ್ಲಿ ಸೀರಮ್ ಬಂದು 44 ವರ್ಷ ಆಗಿತ್ತು. ಔಷಧಿ ಇದೆ ಅಂತ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ. ನಾಲ್ಕು ದಿನ ಸಮಯ ಇತ್ತಲ್ಲ ಅಂತ ನಾನು ಒಮ್ಮೆ ಬಾಯಿ ತಪ್ಪಿ ಅಜ್ಜಿಯ ಎದುರು ಅಂದುಬಿಟ್ಟೆ. ಅವರು ಏನೂ ಹೇಳದೆ ಎದ್ದು ಒಳಗೆ ಹೋದರು. ಅದನ್ನು ಹೇಳಬಾರದಿತ್ತು.

ಸೀರಮ್ ರೋಗ ಬಂದ ಮೇಲೆ ಕೊಡುವಂಥದ್ದು, ತಡವಾದಷ್ಟೂ ಪ್ರಯೋಜನ ಕಡಿಮೆ. ವಿಷ ಒಮ್ಮೆ ಜೀವಕೋಶದ ಒಳಗೆ ಹೊಕ್ಕರೆ ಮುಗಿಯಿತು. ಆದ್ದರಿಂದ ರೋಗ ಬರುವ ಮೊದಲೇ ದೇಹಕ್ಕೆ ಪಾಠ ಹೇಳಿಸಬೇಕು. 1923ರಲ್ಲಿ ಪ್ಯಾರಿಸಿನ ಗ್ಯಾಸ್ಟನ್ ರಾಮೊನ್ ಆ ವಿಷಕ್ಕೆ ಫಾರ್ಮಲಿನ್ ಸೇರಿಸಿ ಬೆಚ್ಚಗಿಟ್ಟ. ವಿಷದ ಹಲ್ಲು ಮುರಿಯಿತು, ಮುಖ ಹಾಗೇ ಉಳಿಯಿತು. ದೇಹ ಆ ಮುಖ ಗುರುತು ಹಿಡಿದುಕೊಳ್ಳುತ್ತದೆ. ಇವತ್ತಿಗೂ ಇಂಜೆಕ್ಷನ್ನಿನಲ್ಲಿ ಇರುವುದು ಅದೇ. ನೋಡಿ, ಎರಡು ಸಾವಿರ ವರ್ಷ ಕೊರಳಿನ ಎರಡು ಬೆರಳಗಲ ಜಾಗದಲ್ಲಿ ನಡೆದ ಯುದ್ಧವನ್ನು ಮಗುವಿನ ತೊಡೆಗೂ ತೋಳಿಗೂ ವರ್ಗ ಮಾಡಿಬಿಟ್ಟರು.

ಈ ಲಸಿಕೆಗೆ ನಮ್ಮ ಹತ್ತಿರದ ಒಂದು ಮನೆಯೂ ಇದೆ. ಕನ್ನಡಕ್ಕೆ ನೆಂಟನಂತಿರುವ ಬಡಗ ಮಾತಾಡುವ ನೀಲಗಿರಿಯಲ್ಲಿ, ಕೂನೂರಿನ ಪಾಶ್ಚರ್ ಇನ್‌ಸ್ಟಿಟ್ಯೂಟ್. 1907ರಲ್ಲಿ ಹುಚ್ಚುನಾಯಿ ಕಡಿತದ ಔಷಧಿಗಾಗಿ ಶುರುವಾದ ಸಂಸ್ಥೆ. ನಾಯಿಕೆಮ್ಮು, ಗಂಟಲಮಾರಿ, ಧನುರ್ವಾಯು ಮೂರಕ್ಕೂ ಸೇರಿದ ಡಿ.ಪಿ.ಟಿ. ಲಸಿಕೆಯನ್ನು ಮುಂದೆ ಅಲ್ಲೇ ತಯಾರಿಸಿದರು. 1978ರಲ್ಲಿ ದೇಶದಲ್ಲಿ ಲಸಿಕೆ ಕಾರ್ಯಕ್ರಮ ಶುರುವಾಯಿತು, 1985ರಿಂದ ಅದು ಎಲ್ಲ ಮಕ್ಕಳಿಗೂ ಅಂತ ವಿಸ್ತಾರವಾಯಿತು. 2008ರ ಜನವರಿಯಲ್ಲಿ ಉತ್ಪಾದನೆಯ ಗುಣಮಟ್ಟದ ನಿಯಮ ಪಾಲನೆ ಆಗಿಲ್ಲ ಅಂತ ಕೂನೂರು, ಕಸೌಲಿ, ಗಿಂಡಿ ಮೂರೂ ಸರ್ಕಾರಿ ಸಂಸ್ಥೆಗಳ ಪರವಾನಗಿ ಅಮಾನತಾಗಿ ತಯಾರಿಕೆ ನಿಂತಿತು. 2010ರಲ್ಲಿ ಅಮಾನತು ತೆಗೆದರು. ಕಟ್ಟಡ, ಯಂತ್ರ ಸರಿಪಡಿಸಬೇಕಾಗಿತ್ತು ಒಪ್ಪೋಣ. ಮೂರನ್ನೂ ಒಟ್ಟಿಗೆ ಮುಚ್ಚಿದ್ದು ನನಗೆ ಇಂದಿಗೂ ಅರ್ಥವಾಗಿಲ್ಲ. 2011ರ ಡಿಸೆಂಬರಿನಲ್ಲಿ ಐದು ರೋಗಕ್ಕೆ ಒಂದೇ ಸೂಜಿಯ ಪೆಂಟಾವೇಲೆಂಟ್ ಬಂತು. ಮೊದಲು ಕೊಟ್ಟ ರಾಜ್ಯಗಳು ತಮಿಳುನಾಡು ಮತ್ತು ಕೇರಳ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಅದು ಈಗ ಎಲ್ಲಿದೆ ಸಾರ್?

ಇದೆ. 2015ರಲ್ಲೂ 2016ರಲ್ಲೂ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕಾಣಿಸಿಕೊಂಡು ಮಕ್ಕಳನ್ನು ಕೊಂದಿತು. ನಮ್ಮ ಕರ್ನಾಟಕದ ವಿಜಯಪುರದ ಕಡೆಯೂ ಬಂದಿದೆ. ಗಮನಿಸಬೇಕಾದ್ದು ಏನೆಂದರೆ, ಹಿಂದೆ ಇದು ಐದು ವರ್ಷದ ಒಳಗಿನ ಕೂಸುಗಳ ರೋಗ; ಈಗ ಬರುತ್ತಿರುವುದು ಹೆಚ್ಚಾಗಿ ಶಾಲೆಗೆ ಹೋಗುವ ಮಕ್ಕಳಿಗೆ, ದೊಡ್ಡವರಿಗೂ. ಕೂಸಾಗಿದ್ದಾಗ ಆರು, ಹತ್ತು, ಹದಿನಾಲ್ಕನೇ ವಾರ, ಆಮೇಲೆ ಒಂದೂವರೆ ವರ್ಷದ ಸುಮಾರಿಗೆ, ಮತ್ತೆ ಐದಾರು ವರ್ಷಕ್ಕೆ ಹಾಕಿಸುತ್ತಾರೆ. ಆ ಬಲ ವರ್ಷ ಕಳೆದಂತೆ ಇಳಿಯುತ್ತದೆ. ಮೊದಲು ಹತ್ತು ಮತ್ತು ಹದಿನಾರನೇ ವಯಸ್ಸಿಗೆ ಕೊಡುತ್ತಿದ್ದದ್ದು ಬರೀ ಟಿ.ಟಿ. ನಾವೆಲ್ಲ ಹಾಕಿಸಿಕೊಂಡದ್ದು ಅದೇ, ಅದರಲ್ಲಿ ಗಂಟಲಮಾರಿಗೆ ಏನೂ ಇರಲಿಲ್ಲ. 2019ರಲ್ಲಿ ಅದರ ಬದಲು ಟಿ.ಡಿ. ಬಂತು. ಆ ಕೊನೆಯ ಡಿ ಅಕ್ಷರವೇ ತೊಂಡೈ ಅಡೈಪ್ಪಾನ್. ಬಂದ ಮರುವರ್ಷವೇ ಕೊರೋನಾದಿಂದ ಶಾಲೆ ಮುಚ್ಚಿ ನಮ್ಮ ಕೆಲವು ಮಕ್ಕಳಿಗೆ ತಪ್ಪಿಹೋಯಿತು, ಅವರು ಈಗ ಹೈಸ್ಕೂಲಿನಲ್ಲಿದ್ದಾರೆ.

ಇಂಜೆಕ್ಷನ್ ಹಾಕಿದ ಜಾಗ ಒಂದೆರಡು ದಿನ ನೋಯುತ್ತದೆ, ಕೆಲವರಿಗೆ ಜ್ವರ ಬರುತ್ತದೆ. ಅದನ್ನು ಪೋಷಕರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೇಳದೆ ಇದ್ದರೆ ಮುಂದಿನ ಸಲ ಗೈರುಹಾಜರಿ ಏಳಲ್ಲ, ಹದಿನೇಳು. ಇನ್ನೊಂದು, ಚೀಟಿಯಲ್ಲಿ ತಮಿಳು ಹೆಸರಿನ ಪಕ್ಕದಲ್ಲಿ ನಾವೇ ಕೈಯಲ್ಲಿ ಕನ್ನಡ ಹೆಸರು ಬರೆದು ಕಳಿಸಬಹುದು. ಅರ್ಧ ಗಂಟೆಯ ಕೆಲಸ. ನಾನು ಈ ಸಲ ಅದನ್ನು ಮಾಡಿರಲಿಲ್ಲ.

ನಿನ್ನೆ ಸಂಜೆ ಆ ಏಳೂ ಮನೆಗೆ ಹೋಗಿ ಬಂದೆ. ನಕ್ಕು ಹೋಗಿದ್ದ ಆ ತಾಯಿಯ ಮನೆಯಲ್ಲಿ ಅವರ ಅತ್ತೆ ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಗಂಟಲಮಾರಿ ಅಂದ ಕೂಡಲೇ ಅವರ ಕೈ ನಿಂತಿತು. "ನಮ್ಮಣ್ಣನ ಮಗ..." ಅಂದರು, ಮುಂದೆ ಹೇಳಲಿಲ್ಲ. ಸೊಸೆಯ ಕಡೆ ತಿರುಗಿ ಆ ಚೀಟಿ ಎಲ್ಲಿದೆ ಅಂತ ಕೇಳಿದರು. ನರ್ಸಮ್ಮ ಬರುವ ಗುರುವಾರ ಮತ್ತೆ ಬರುತ್ತಾರೆ.